ಸ್ನಾನದ ಮೊದಲಿನದು ಲೆಕ್ಕಕ್ಕಿಲ್ಲ

ರುಕ್ಮಾ ಮೌಶಿ ಹಿತ್ತಾಳೆಯ ತಂಬಿಗೆ ಹಿಡಿದು ಹೊರಬಿದ್ದಳೆಂದರೆ ನಮ್ಮ ವಾಡೆಯ ಸಂಡಾಸಿನ ಮುಂದಿನ ಸಾಲು ತಾನಾಗಿಯೇ ಇಬ್ಭಾಗವಾಗುತ್ತಿತ್ತು. ಸದಾಶಿವ ಪೇಟೆಯ ಹಳೇ ವಾಡೆ ಅದು. ಅಂಗಳದ ಸುತ್ತ ಹತ್ತಾರು ಬಿಡಾರ, ಹಿತ್ತಲಲ್ಲಿ ಎರಡೇ ಸಂಡಾಸು. ಬೆಳಗಿನ ಹೊತ್ತು ಅಲ್ಲಿ ಯಾರೂ ಹುಟ್ಟಿಸಿದ ಅಪ್ಪನಿಗೂ ಜಾಗ ಬಿಡುತ್ತಿರಲಿಲ್ಲ. ಮೌಶಿಗೆ ಮಾತ್ರ ಬಿಡುತ್ತಿದ್ದರು. ಕಚ್ಚೆಯ ನೆರಿಗೆ ಒಂದು ಕೈಯಲ್ಲಿ, ತಂಬಿಗೆ ಇನ್ನೊಂದರಲ್ಲಿ, ಕಣ್ಣು ನೆಟ್ಟಗೆ ಗುರಿಯ ಮೇಲೆ ಇಟ್ಟುಕೊಂಡು ಅವಳು ಬರುವುದನ್ನು ಕಂಡರೆ ಗೋಖಲೆ ಮಾಸ್ತರರು "ಸರಕಾ, ಸರಕಾ, ರುಕ್ಮಾಬಾಯಿ ಆಲ್ಯಾ" ಎಂದು ಮರಾಠಿಯಲ್ಲಿ ಕೂಗಿ ಹಾದಿ ಬಿಡಿಸುತ್ತಿದ್ದರು. ಬೆಂಕಿ ಆರಿಸುವ ಗಾಡಿಗೂ ಪುಣೆಯಲ್ಲಿ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಹೋಗಿ ಬಂದ ಮೇಲೆ ಸುಮ್ಮನಿರುವ ಹೆಂಗಸಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವಳು ಅಂಗಳದಲ್ಲಿ ನಿಂತು ವರದಿ ಒಪ್ಪಿಸುತ್ತಿದ್ದಳು. ವೃತ್ತಿಯಿಂದ ಅಡುಗೆಯವಳಾದ್ದರಿಂದ ಅವಳ ಉಪಮೆಗಳೆಲ್ಲ ಅಡುಗೆಮನೆಯಿಂದಲೇ ಬರುತ್ತಿದ್ದವು. "ಇವತ್ತ ಬರೇ ತಿಳಿಸಾರು ನೋಡವಾ. ನಿನ್ನೆ ಆದ್ರೂ ಒಂಚೂರು ಬ್ಯಾಳಿ ಇತ್ತು." ನಮ್ಮಮ್ಮ ಆಗಷ್ಟೇ ಬಡಿಸಿದ್ದ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿ, "ರುಕ್ಮಾ, ಉಣ್ಣೂ ಹೊತ್ನ್ಯಾಗ ಬ್ಯಾಡವಾ" ಎಂದರೆ, "ಅಯ್ಯ, ಉಂಡದ್ದs ಅಲ್ಲೇನು ಅದು? ಮ್ಯಾಲಿನ ಬಾಗಲಾ ಬಿಟ್ಟು ಕೆಳಗಿನ ಬಾಗಲದಾಗ ಬಂದದ, ಅಷ್ಟs" ಎನ್ನುತ್ತಿದ್ದಳು.

ಮೌಶಿ ಅಂದರೆ ಚಿಕ್ಕಮ್ಮ, ಆದರೆ ಅವಳು ನನಗೆ ಹುಟ್ಟಿನಿಂದ ಮೌಶಿಯಲ್ಲ. ಅಂಗಳದ ಆಚೆ ಬದಿಯ ಬಿಡಾರದವಳು, ಅಮ್ಮನ ಗೆಳತಿ. ನಾವು ಗದಗಿನ ಕಡೆಯವರು, ಅವರು ನವಲಗುಂದದವರು. ಆ ಮರಾಠಿ ವಾಡೆಯಲ್ಲಿ ಕನ್ನಡದ ಮನೆಗಳು ಎರಡೇ ಆದದ್ದರಿಂದ ಬೆರೆಯದೆ ಗತಿಯಿರಲಿಲ್ಲ. ಅವಳ ಗಂಡ ವೆಂಕಣ್ಣ ಕಾಕಾ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಕಾರಕೂನರಾಗಿ ನಿವೃತ್ತರಾದವರು. ಬದುಕಿನುದ್ದಕ್ಕೂ ಲೋಕಲ್ ರೈಲಿನಲ್ಲಿ ಹೋಗಿ ಬಂದು, ಉಳಿದ ಹೊತ್ತು ಹೆಂಡತಿ ಹೇಳಿದ್ದನ್ನು ತಂದುಕೊಟ್ಟು, ಮಾತಾಡುವ ಅಭ್ಯಾಸವೇ ತಪ್ಪಿಹೋದ ಮನುಷ್ಯ. ಮಕ್ಕಳಿರಲಿಲ್ಲ. "ನಾ ಬೈಯೂದೆಲ್ಲಾ ಇವ್ರೊಬ್ಬರs ಬೈಸಿಗೋಬೇಕು, ಹಂಚಿಗೊಳ್ಳಿಕ್ಕೆ ಯಾರೂ ಇಲ್ಲ, ಪಾಪ" ಎಂದು ಅವಳೇ ಅನ್ನುತ್ತಿದ್ದಳು.

ಪುಣೆಯ ನಮ್ಮ ಕಡೆಯ ಬ್ರಾಹ್ಮಣರ ಮನೆಗಳಲ್ಲಿ ಶ್ರಾದ್ಧ, ಹಬ್ಬ, ಮುಂಜಿ ಯಾವುದಿರಲಿ, ಮಡಿಯ ಅಡುಗೆಗೆ ರುಕ್ಮಾಬಾಯಿಯೇ ಬರಬೇಕು. ಅದರಲ್ಲೂ ಪಿತೃಪಕ್ಷ ಬಂತೆಂದರೆ ಅವಳಿಗೆ ಸುಗ್ಗಿ. ಸತ್ತವರಿಗೆಲ್ಲ ಅವಳ ಕೈಯಡುಗೆಯೇ ಬೇಕಿತ್ತು. ಅವಳು ಕರಿದ ವಡೆಯನ್ನು ಕಾಗೆ ಒಂದು ಸಲವೂ ಬಿಟ್ಟು ಹಾರಿದ್ದಿಲ್ಲ ಎಂದು ವೈದಿಕರೇ ಹೇಳುತ್ತಿದ್ದರು. ಅವಳ ಹೂರಣದ ಹೋಳಿಗೆ ತಿಂದು ಬೆಳೆದವಳು ನಾನು. ಇವತ್ತಿಗೂ ಬೇರೆಯವರ ಹೋಳಿಗೆ ತಿನ್ನುವಾಗ ಮನಸ್ಸಿನಲ್ಲೇ ಮೂಗು ಮುರಿಯುತ್ತೇನೆ.

ಅವಳ ಮಡಿ ಅಂದರೆ ಸಾಮಾನ್ಯದ ಮಡಿಯಲ್ಲ. ಹಿತ್ತಲ ನಲ್ಲಿಯ ತಣ್ಣೀರು ಸುರಿದುಕೊಂಡು, ಆಗಷ್ಟೇ ಒಗೆದು ಹಿಂಡಿದ ಸೀರೆಯನ್ನು ಒದ್ದೆಯಾಗಿಯೇ ಉಟ್ಟು, ಅದು ಮೈಮೇಲೇ ಒಣಗಬೇಕು. ಉಣ್ಣೆಯ ಧಾಬಳಿಯನ್ನು ಒಗೆಯದೆಯೂ ಮಡಿಗೆ ಉಡಬಹುದು ಎಂದು ಶಾಸ್ತ್ರ ಬಲ್ಲವರು ಹೇಳಿದರೆ, "ಅದು ಮೈಗಳ್ಳರ ಮಡಿ" ಎಂದುಬಿಡುತ್ತಿದ್ದಳು. ಕೂತು ಎದ್ದರೆ ಮೊಣಕಾಲು ಲಟಲಟ ಎನ್ನುತ್ತಿದ್ದವು. ಆದರೆ ಇಷ್ಟೊಂದು ಕಟ್ಟುನಿಟ್ಟಿಗೆ ಒಂದು ಹಿಂಬಾಗಿಲೂ ಇತ್ತು. ಏಕಾದಶಿಯ ದಿನ ಬೆಳಿಗ್ಗೆ ಅವಳು ಹಾಯಾಗಿ ಚಹಾ ಹೀರುತ್ತ ಕೂತಿದ್ದನ್ನು ಕಂಡು ನಾನು ಸಣ್ಣವಳಿದ್ದಾಗ ಕೇಳಿದ್ದೆ, "ಮೌಶಿ, ಇವತ್ತ ಉಪಾಸ ಅಲ್ಲೇನು?"

"ಇನ್ನೂ ಸ್ನಾನ ಆಗಿಲ್ಲಲ್ಲ" ಎಂದಳು.

"ಆದ್ರ?"

"ಸ್ನಾನದ ಮೊದಲಿಂದು ಲೆಕ್ಕಕ್ಕಿಲ್ಲ. ತಲಿ ಮ್ಯಾಲ ನೀರು ಬಿತ್ತಂದ್ರ ಹಿಂದಿಂದೆಲ್ಲಾ ಹರಕೊಂಡು ಹೋತು. ದೇವ್ರು ಬಚ್ಚಲದಾಗ ಹಣಿಕಿ ಹಾಕಂಗಿಲ್ಲ." ಈ ತತ್ವವನ್ನು ನಾನೂ ಬಹಳ ವರ್ಷ ಪಾಲಿಸಿದೆ, ಬಹಳ ಅನುಕೂಲದ ತತ್ವ.

ಇಂಥವಳಿಗೆ ಭೇದಿ ಹತ್ತಿಕೊಂಡಿತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮೊದಲು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮಳೆಗಾಲ, ನೀರು ಕೆಟ್ಟಿರಬೇಕು ಎಂದೆವು. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು, ಭೇದಿ ಹೋಗಲಿಲ್ಲ. ರಕ್ತವಿಲ್ಲ, ಜ್ವರವಿಲ್ಲ, ಬರೀ ನೀರು. ಬಂತೆಂದರೆ ಓಡಬೇಕು, ತಡೆಯುವ ಮಾತೇ ಇಲ್ಲ. ಬೇರೆಯವರಿಗೆ ಭೇದಿ ಬಂದರೆ ಒಂದು ಕಷ್ಟ. ಮಡಿ ಹೆಂಗಸಿಗೆ ಬಂದರೆ ಎರಡು. ಒಂದೊಂದು ಸಲ ಹೋಗಿ ಬಂದಾಗಲೂ ಮತ್ತೆ ತಣ್ಣೀರ ಸ್ನಾನ, ಮತ್ತೆ ಒದ್ದೆ ಸೀರೆ. ಹಿತ್ತಲ ಹಗ್ಗದ ಮೇಲೆ ಅವಳ ಸೀರೆಗಳು ಸಾಲಾಗಿ ತೊಟ್ಟಿಕ್ಕುತ್ತಿದ್ದವು. ಮೈ ಇಳಿದು, ಕುಪ್ಪಸದ ತೋಳು ಜೋಲುತ್ತಿತ್ತು. "ಗಂಗಾನದಿ ಮ್ಯಾಲಿಂದ ಹೊಯ್ಯಲಿಕತ್ತದ, ಕೆಳಗೂ ಹರೀಲಿಕತ್ತದ. ನಡು ನಾ ಒಬ್ಬಾಕಿ ಕಲ್ಲು ಕೂತಂಗ ಕೂತೀನಿ" ಎಂದು ನಗುತ್ತಿದ್ದಳು.

ವಾಡೆಯೆಲ್ಲ ವೈದ್ಯರಾಯಿತು. ಒಬ್ಬರು ದಾಳಿಂಬೆ ಸಿಪ್ಪೆಯ ಕಷಾಯ ಕೊಟ್ಟರು, ಇನ್ನೊಬ್ಬರು ಮಜ್ಜಿಗೆಗೆ ಮೆಂತ್ಯ ಹಾಕಿದರು. ದೃಷ್ಟಿ ತೆಗೆದರು. ಪೇಟೆಯ ನಮ್ಮ ಡಾಕ್ಟರು ಆಮಶಂಕೆ ಎಂದು ಗುಳಿಗೆ ಕೊಟ್ಟರು. ಪುಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ಬಂದವರಿಗೆಲ್ಲ ಆ ಕಾಲದಲ್ಲಿ ಆಮಶಂಕೆಯೇ ಆಗಿರುತ್ತಿತ್ತು. ಗುಣ ಕಾಣದಿದ್ದಾಗ ದೊಡ್ಡ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆವು. ಚಿಂಚವಡದ ನನ್ನ ಕಾರ್ಖಾನೆಯ ಆಫೀಸಿಗೆ ಗುರುವಾರ ರಜೆ, ಹಾಗಾಗಿ ಮೌಶಿಯ ಮಡಿ ಸೀರೆಯ ಚೀಲ ಹಿಡಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ಡಾಕ್ಟರು ಅವಳ ಮಾತನ್ನು ಅರ್ಧ ಕೇಳಿ, ಮಕ್ಕಳಿಲ್ಲವೆಂಬುದನ್ನು ಪೂರ್ತಿ ಕೇಳಿ, ಇದು ಮನಸ್ಸಿನ ಬೇನೆ, ಚಿಂತೆ ಬಿಡಿ, ಭಜನೆ ಮಾಡಿ ಎಂದರು.

ಮೆಟ್ಟಿಲು ಇಳಿಯುತ್ತ ಮೌಶಿ ಹೇಳಿದಳು, "ಮನಸಿಂದು ಅಂತ. ಮನಸು ನಂದು ಭಾಳ ತೆಳ್ಳಗದ ಅಂತ ಈಗ ಗೊತ್ತಾತು."

ನಕ್ಕೆವು. ಆದರೆ ಆ ವರ್ಷದ ಪಿತೃಪಕ್ಷದಲ್ಲಿ ನಗು ನಿಂತಿತು. ಕೋಥರೂಡಿನ ಕಟ್ಟಿಯವರ ಮನೆಯಲ್ಲಿ ಶ್ರಾದ್ಧ. ಮೌಶಿ ಹಿಂದಿನ ದಿನ ಮಧ್ಯಾಹ್ನದಿಂದಲೇ ಹೊಟ್ಟೆಗೆ ಏನೂ ಹಾಕಿರಲಿಲ್ಲ, ಏನೂ ಇಲ್ಲದಿದ್ದರೆ ಏನು ಬಂದೀತು ಎಂಬ ಲೆಕ್ಕ. ಆ ಹೊಟ್ಟೆಗೆ ಲೆಕ್ಕ ಬರುತ್ತಿರಲಿಲ್ಲ. ವಡೆ ಕರಿಯುತ್ತಿದ್ದಾಗ ಒಮ್ಮೆ ಓಡಿದಳು, ಮಿಂದು ಬಂದಳು. ಪಾಯಸಕ್ಕೆ ಏಲಕ್ಕಿ ಹಾಕುವ ಹೊತ್ತಿಗೆ ಮತ್ತೆ. ಬ್ರಾಹ್ಮಣರು ಎಲೆಯ ಮುಂದೆ ಕೂತು ಹಸಿದ ಮುಖದಿಂದ ಒಳಗೆ ನೋಡುತ್ತಿದ್ದರು. ಮೂರನೆಯ ಸಲ ನೀರು ತೊಟ್ಟಿಕ್ಕುವ ಸೀರೆಯಲ್ಲಿ ಒಳಗೆ ಬಂದಾಗ ಒಲೆಯ ಮುಂದೆ ಮನೆಯ ದೊಡ್ಡ ಸೊಸೆ ಕೂತಿದ್ದಳು. ಬೈಯಲಿಲ್ಲ, ಅದೇ ಕೆಟ್ಟದ್ದು. ಮೆತ್ತಗಿನ ದನಿಯಲ್ಲಿ, "ರುಕ್ಮಾಬಾಯಿ, ನೀವು ಆರಾಮ ಕೂಡ್ರಿ. ನಾವs ಮುಗಸ್ತೀವಿ" ಎಂದಳಂತೆ.

ಮನೆಗೆ ಬಂದ ಮೌಶಿ ನಮ್ಮ ಹೊಸ್ತಿಲಲ್ಲಿ ಕೂತು ಅತ್ತಳು. ನಾನು ಅವಳು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ. "ಒಲಿ ಮುಂದಿಂದ ಎಬ್ಬಿಸಿದ್ರವಾ ನನ್ನ" ಎಂದು ಅಮ್ಮನಿಗೆ ಹೇಳಿದಳು. ಆಮೇಲೆ ಯಾರೂ ಕರೆಯಲಿಲ್ಲ. ಅಡುಗೆಯವಳಿಗೇ ಹೊಟ್ಟೆ ಕೆಟ್ಟಿದೆ ಎಂಬ ಸುದ್ದಿ ಕೋಥರೂಡಿನಿಂದ ಪೇಟೆಗಳವರೆಗೆ ಅವಳಿಗಿಂತ ವೇಗವಾಗಿ ಓಡಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಮಜ್ಜಿಗೆಯಲ್ಲಿ ಬಿತ್ತು ಎಂದು ನಗುವವರಿಗೂ ಬರವಿರಲಿಲ್ಲ. ನನಗೆ ಅವರೆಲ್ಲರ ಮೇಲೆ ಈಗಲೂ ಸಿಟ್ಟಿದೆ. ಅವರ ಅಪ್ಪ ಅಜ್ಜಂದಿರೆಲ್ಲ ಅವಳ ಕೈಯಡುಗೆ ಉಂಡೇ ಸ್ವರ್ಗದಲ್ಲಿ ತೇಗುತ್ತಿದ್ದವರು.

ಕೊನೆಗೆ ಪೇಟೆಯ ಡಾಕ್ಟರು ಕೈಚೆಲ್ಲಿ, ಕ್ಯಾಂಪಿನ ಕಡೆಯ ಆಸ್ಪತ್ರೆಯೊಂದರಲ್ಲಿ ಹೊಟ್ಟೆಯ ಸ್ಪೆಷಲಿಸ್ಟ್ ಹೊಸದಾಗಿ ಬಂದಿದ್ದಾರೆ, ನಿಮ್ಮ ಕಡೆಯವರೇ, ತೋರಿಸಿ ಎಂದರು. ಬಾಗಿಲಿನ ಮೇಲೆ ಹೆಸರು ನೋಡಿದರೆ ಡಾ. ನದಾಫ, ಮುಸಲ್ಮಾನರ ಅಡ್ಡಹೆಸರು. ಮೌಶಿ ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ಮಡಿ ಸೀರೆಯ ಚೀಲವನ್ನು ನನ್ನ ಕೈಯಿಂದ ತೆಗೆದು ಕಾಕಾನ ಕೈಗೆ ಕೊಟ್ಟು, ಅದನ್ನು ಹೊರಗೇ ಇಟ್ಟುಕೊಂಡಿರಲು ಹೇಳಿ ಒಳಗೆ ಬಂದಳು.

ಒಳಗೆ ದಪ್ಪ ಕನ್ನಡಕದ ಹುಡುಗನಂಥ ಡಾಕ್ಟರು. "ಬರ್ರಿ, ಕೂಡ್ರಿ" ಎಂದದ್ದೇ ತಡ, ಮೌಶಿ ತಾನೇ ವಿಚಾರಣೆ ಶುರುಮಾಡಿದಳು.

"ಯಾ ಊರಪಾ ನಿಂದು?"

"ಬಾಗಲಕೋಟಿರೀ."

"ನಮ್ಮೂರಾಗ ಒಬ್ಬಾಂವ ನದಾಫ ಇದ್ದ. ಗಾದಿ ಹೊಲಿಯಾಂವ."

"ನಮ್ಮಜ್ಜಾನೂ ಹತ್ತಿ ಹಿಂಜತಿದ್ದಾರೀ. ನಾ ಕರಳು ನೋಡ್ತೀನಿ. ಎರಡೂ ಬಿಚ್ಚಿ ಒಳಗ ಏನೈತಿ ನೋಡೂ ಉದ್ಯೋಗನs ಅಲ್ರಿ?"

ಮೌಶಿಗೆ ಅವನು ಹಿಡಿಸಿದ. ಯಾರಾದರೂ ಹಿಡಿಸಿದರೆ ಅವಳು ಪಲ್ಲು ಸರಿಪಡಿಸಿಕೊಂಡು ಮುಂದಕ್ಕೆ ಬಾಗಿ ಕೂಡುತ್ತಿದ್ದಳು. ಹಾಗೆ ಕೂತು ತಿಳಿಸಾರಿನಿಂದ ಹಿಡಿದು ಎಲ್ಲ ವರದಿ ಒಪ್ಪಿಸಿದಳು. ಅವನು ಮುಖ ಸಿಂಡರಿಸದೆ ಕೇಳಿದ, ನಿದ್ದೆಯಲ್ಲೂ ಎಬ್ಬಿಸುತ್ತದೆಯೇ ಎಂದು ವಿಚಾರಿಸಿದ. ಎಬ್ಬಿಸುತ್ತದೆ ಎಂದಾಗ, "ಹಂಗಾರ ಬರೇ ಮನಸಿಂದಲ್ರಿ ಇದು. ಚಿಂತಿ ಮಾಡೂ ಹೊಟ್ಟಿ ಸಾಮಾನ್ಯ ನಿದ್ದಿಯಾಗಿಂದ ಎಬ್ಬಸಂಗಿಲ್ಲ" ಎಂದ. ಆ ಒಂದು ಮಾತಿಗೆ ಮೌಶಿಯ ಮುಖ ಅರಳಿದ್ದು ನನಗೆ ನೆನಪಿದೆ.

"ಬ್ಯಾರೆ ಏನರೆ ಗುಳಿಗಿ, ಔಷಧಿ ತಗೋತೀರೇನ್ರಿ?"

"ಇಲ್ಲಪಾ. ಅಂಥಾದ್ದೆಲ್ಲಾ ನಮ್ಮ ಮಡಿಗೆ ನಡಿಯಂಗಿಲ್ಲ."

ಅವನು ಬರೆದುಕೊಂಡ. ಕೆಳಗಿನಿಂದ ನಳಿಗೆ ಹಾಕಿ ಕರುಳನ್ನು ಒಳಗಿಂದ ನೋಡಬೇಕು ಎಂದು ವಿವರಿಸಿದ. ಮೌಶಿ ಬೈಯುತ್ತಾಳೆಂದುಕೊಂಡೆ. ಅವಳು, "ತಮ್ಮಾ, ನನಗ ನೂರು ವರ್ಷ ಬದುಕೋ ಆಶಾ ಇಲ್ಲ. ಒಂದು ಪಕ್ಷ, ಒಲಿ ಮುಂದ ಕೂತಾಕಿ ಎದ್ದು ಓಡದs ಅಡಿಗಿ ಮುಗಸಬೇಕು. ಅಷ್ಟು ಮಾಡಿಕೊಡು. ನಳಿಗಿ ಎಲ್ಲಿಂದರೆ ಹಾಕು" ಎಂದಳು.

ಪರೀಕ್ಷೆಯ ಹಿಂದಿನ ದಿನ ಕರುಳು ತೊಳೆಯಲು ಒಂದು ಔಷಧಿ ಕುಡಿಯಬೇಕಿತ್ತು. "ನನಗ ಭೇದಿ ಔಷಧಿ! ಹೊಳಿಗೆ ನೀರು ಒಯ್ದು ಹಾಕಿದಾಂಗ" ಎಂದು ಮೌಶಿ ನಕ್ಕಳು. ಗೋಖಲೆ ಮಾಸ್ತರರು ಅವಳಿಗಾಗಿ ಒಂದು ಸಂಡಾಸನ್ನು ದಿನವಿಡೀ ಮೀಸಲಿಟ್ಟು, ಬಾಗಿಲಿಗೆ ಸುಂದರವಾದ ಅಕ್ಷರಗಳಲ್ಲಿ ಬರೆದ ಪಾಟಿಯೊಂದನ್ನು, ಎಂದರೆ ಸೂಚನಾಫಲಕವನ್ನು, ತೂಗುಹಾಕಿದರು: "ಈ ಕೋಣೆ ಇಂದು ರುಕ್ಮಾಬಾಯಿಯವರಿಗೆ ಮಾತ್ರ. ವಿಚಾರಿಸಲು ಬಂದವರಿಗೆ ಅವಮಾನ ಮಾಡಲಾಗುವುದು." ಪುಣೆಯ ಪಾಟಿಗಳಿಗೆ ಮರ್ಯಾದೆ ಕಡಿಮೆ ಅನ್ನುತ್ತಾರೆ. ಅದರಲ್ಲಿದ್ದಷ್ಟು ಪ್ರೀತಿಯನ್ನು ನಾನು ಬೇರೆ ಪಾಟಿಯಲ್ಲಿ ಕಂಡಿಲ್ಲ.

ಪರೀಕ್ಷೆ ಮುಗಿದ ಮೇಲೆ ನದಾಫ ಹೊರಗೆ ಬಂದು, ಕರುಳು ಕನ್ನಡಿಯ ಹಾಗೆ ಸ್ವಚ್ಛವಾಗಿದೆ, ಎಲ್ಲೂ ಹುಣ್ಣಿಲ್ಲ, ಗಂಟಿಲ್ಲ ಎಂದ. ಬೆಟ್ಟ ಅಗೆದು ಇಲಿಯೂ ಸಿಗಲಿಲ್ಲವಲ್ಲ ಎಂದುಕೊಂಡೆ. ಇನ್ನು ಮತ್ತೆ ಮನಸ್ಸು, ಮತ್ತೆ ಭಜನೆ. ಆದರೆ ಅವನು ಅಲ್ಲಲ್ಲಿ ಸಣ್ಣ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇನೆ ಎಂದ.

ಎಚ್ಚರವಾಗಿ ಕೂತಿದ್ದ ಮೌಶಿ ಕೇಳಿದಳು, "ಚೊಲೋ ಅದ ಅಂತಿ. ಮತ್ತ ಯಾಕ ಚಿವುಟಿದಿ?"

"ಕಣ್ಣಿಗೆ ಚೊಲೋ ಕಂಡದ್ದು ಮೈಕ್ರೋಸ್ಕೋಪಿನ್ಯಾಗೂ ಚೊಲೋ ಇರಬೇಕಂತ ಇಲ್ರಿ ಮೌಶಿ."

"ಖರೆ. ನಮ್ಮ ಇವ್ರನ್ನ ನೋಡ್ಲಿಕ್ಕೆ ಹೋದಾಗ ನಮ್ಮಪ್ಪಗೂ ಬರೇ ಕಣ್ಣಿತ್ತು" ಎಂದಳು. ಕಾಕಾ ಪಾಪ ಸೀರೆಯ ಚೀಲವನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡರು.

ಮುಂದಿನ ಗುರುವಾರ ವರದಿ ಬಂತು. ಕಾಯಿಲೆಗೊಂದು ಉದ್ದದ ಇಂಗ್ಲಿಷ್ ಹೆಸರಿತ್ತು. ನದಾಫ ಹೆಸರನ್ನು ಬದಿಗಿಟ್ಟು ಅವಳಿಗೆ ತಿಳಿಯುವ ಹಾಗೆ ಹೇಳಿದ. "ಅಪರೂಪದ ಉರಿಯೂತರೀ ಇದು. ಮ್ಯಾಲ ನೋಡಿದ್ರ ಏನೂ ಕಾಣಂಗಿಲ್ಲ. ಕರಳಿನ ಒಳಪದರದ ಬುಡಕ ಒಂದು ದಪ್ಪನ್ನ ಪದರ ಕೂತೈತಿ. ಗಂಜಿ ಬಸಿಯೂ ಅರಿವಿ ಮ್ಯಾಲ ಗಂಜಿ ಗಟ್ಟಿಯಾಗಿ ಹತ್ತಿದ್ರ ನೀರು ಇಳೀತೈತೇನ್ರಿ? ಹಂಗ. ಕರಳು ನೀರು ಹೀರ್ಕೊಳ್ಳಾಕ ಒಲ್ಲದು. ಎಲ್ಲಾ ಹೊರಗ ಬೀಳತೈತಿ."

"ಅಂದ್ರ ನನಗ ಹುಚ್ಚು ಇಲ್ಲ."

"ಇಲ್ರಿ. ಹುಚ್ಚು ಇದ್ರೂ ಅದು ಬ್ಯಾರೆ ಡಾಕ್ಟರಿಗೆ."

ಮೌಶಿ ಗಹಗಹಿಸಿ ನಕ್ಕಳು, ಹೊರಗಿನ ಸಾಲಿನವರು ಹಣಿಕಿ ನೋಡುವಷ್ಟು. ನದಾಫ ಮಾತ್ರ ವರದಿಯ ಮೇಲೆ ಬೆರಳಾಡಿಸುತ್ತ ಕೂತಿದ್ದ. ಇದು ತಾನಾಗಿಯೂ ಬರುತ್ತದೆ, ಆದರೆ ಬಹಳ ಸಲ ನೋವಿನ ಗುಳಿಗೆ ತಿನ್ನುವವರಲ್ಲಿ ಕಾಣುತ್ತದೆ, ನೀವು ಅಂಥದ್ದೇನೂ ತೆಗೆದುಕೊಳ್ಳುವುದಿಲ್ಲ ಅಂದಿರಲ್ಲ ಎಂದ. ಮೌಶಿ ಮತ್ತೆ ಇಲ್ಲವೆಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ, ಅದಂತೂ ನಾನು ಆಣೆ ಮಾಡಿ ಹೇಳುತ್ತೇನೆ. ಅವಳು ಎದ್ದು ನಿಂತಳು. ಮೊಣಕಾಲು ಲಟ್ ಎಂದಿತು.

ಆ ಸದ್ದಿಗೆ ನದಾಫ ತಲೆ ಎತ್ತಿದ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಏನೋ ಹಳೆಯದು ನೆನಪಾದವನ ಹಾಗೆ ಕೇಳಿದ: "ಮೌಶಿ, ನಮ್ಮ ಬಾಜೂ ಮನಿಯಾಗ ಒಬ್ರು ಮಡಿ ಅಜ್ಜಿ ಇದ್ರು. ಏಕಾದಶಿ ದಿನಾ ಎದ್ದಕೂಡ್ಲೆ ಚಾ ಕುಡೀತಿದ್ರು. ಕೇಳಿದ್ರ, ಇನ್ನೂ ಜಳಕ ಆಗಿಲ್ಲ ಅಂತಿದ್ರು. ನೀವು ಜಳಕದ ಮೊದಲ ಏನರೆ ತಗೋತೀರೇನ್ರಿ?"

ಆಗ ಬಾಗಿಲಲ್ಲಿ ನಿಂತಿದ್ದ ವೆಂಕಣ್ಣ ಕಾಕಾ ಮಾತಾಡಿದರು. ನಾವೆಲ್ಲ ಬೆಚ್ಚಿ ಅವರ ಕಡೆ ತಿರುಗಿದೆವು.

"ತಗೋತಾಳ್ರಿ. ಮೊಣಕಾಲಿಂದು. ಮುಂಜಾನೆ ಸ್ನಾನದ ಮೊದಲ ಒಂದು, ಮಡಿ ಬಿಟ್ಟ ಮ್ಯಾಲ ಒಂದು. ನಾನs ತಂದುಕೊಡ್ತೀನ್ರಿ."

ಮೂಳೆಯ ಡಾಕ್ಟರೊಬ್ಬರು ಎಂದೋ ಒಂದು ವಾರಕ್ಕೆಂದು ಬರೆದುಕೊಟ್ಟಿದ್ದ ಗುಳಿಗೆ. ಕಾಕಾ ಹಾಲು ತರುವಷ್ಟೇ ನಿಷ್ಠೆಯಿಂದ ಅದನ್ನು ವರ್ಷಗಟ್ಟಲೆ ತಂದುಕೊಡುತ್ತಲೇ ಬಂದಿದ್ದರು. ಮೌಶಿಯೂ ನುಂಗುತ್ತಲೇ ಬಂದಿದ್ದಳು. ಆದರೆ ನುಂಗುವುದು ಸ್ನಾನಕ್ಕೆ ಮುಂಚೆ, ಇಲ್ಲವೇ ಮಡಿ ಬಿಟ್ಟ ಮೇಲೆ. ಹಾಗಾಗಿ ಅವಳ ಶಾಸ್ತ್ರದಲ್ಲಿ ಅದು ಔಷಧಿಯೇ ಅಲ್ಲ, ನಡೆದ ಸಂಗತಿಯೇ ಅಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ನಾವು ಊರೆಲ್ಲ ಹುಡುಕಿದ್ದೆವು.

ನದಾಫ ಟೇಬಲ್ಲಿನ ಮೇಲೆ ಬೆರಳಿನಿಂದ ಒಂದು ಸುತ್ತು ಎಳೆದು ತೋರಿಸಿದ. ಒದ್ದೆ ಸೀರೆಯಿಂದ ಮೊಣಕಾಲಿನ ನೋವು ಹೆಚ್ಚಾಗುತ್ತದೆ, ಹೆಚ್ಚಾದರೆ ಗುಳಿಗೆ. ಗುಳಿಗೆಯಿಂದ ಕರುಳು ಕೆಡುತ್ತದೆ, ಕೆಟ್ಟರೆ ಭೇದಿ. ಭೇದಿಯಾದರೆ ಸ್ನಾನ, ಮತ್ತೆ ಒದ್ದೆ ಸೀರೆ. ಇದೇ ಕಾರಣವೆಂದು ತಾನು ಖಂಡಿತ ಹೇಳಲಾರೆ, ಆದರೆ ಗುಳಿಗೆ ಬಿಟ್ಟು ನೋಡಲೇಬೇಕು ಎಂದ.

ಮೌಶಿ ಆ ಸುತ್ತನ್ನೇ ನೋಡುತ್ತ ಮತ್ತೆ ಕೂತಳು. "ಅಂದ್ರ," ಎಂದಳು ನಿಧಾನವಾಗಿ, "ಇಷ್ಟು ದಿನಾ ನನ್ನ ಮಡೀನs ನನ್ನ ಹೇಲಸ್ಲಿಕತ್ತಿತ್ತೇನೋ?"

ಯಾರೂ ನಗಲಿಲ್ಲ, ಏಕೆಂದರೆ ಅವಳು ನಗುತ್ತಿರಲಿಲ್ಲ. ಅವಳಿಗೆ ಇದ್ದದ್ದು ಆ ಮಡಿ ಒಂದೇ. ಅದನ್ನು ಬಿಡಿ ಎಂದರೆ ಒಲೆಯನ್ನೇ ಬಿಡಿ ಎಂದಹಾಗೆ. ನದಾಫ ಒಂದಷ್ಟು ಕಾಲ ನುಂಗಬೇಕಾದ ಕ್ಯಾಪ್ಸೂಲು ಬರೆದ, ಮೊಣಕಾಲಿಗೆ ಬಿಸಿನೀರ ಶಾಖ ಹೇಳಿದ. ಆಮೇಲೆ ಸಂಕೋಚದಿಂದ, "ಮಡಿ ಬಿಡ್ರಿ ಅಂತ ನಾ ಅನ್ನಂಗಿಲ್ರಿ. ಆದ್ರ ಧಾಬಳಿ ಉಟ್ಟರ ನಡೀತೈತಲ್ರಿ? ಆ ಅಜ್ಜಿ ಅದನ್ನs ಉಡತಿದ್ರು. ಒಗೆಯೂದೂ ಬ್ಯಾಡ, ಒಣಗಸೂದೂ ಬ್ಯಾಡ" ಎಂದ.

ಮೌಶಿ ನನ್ನ ಕಡೆ ತಿರುಗಿದಳು. "ಕೇಳಿದೇನು? ನದಾಫರ ಹುಡುಗ ನನಗ ಮಡಿ ಕಲಸ್ಲಿಕತ್ತಾನ." ಆದರೆ ದನಿಯಲ್ಲಿ ಜೀವ ಮರಳಿತ್ತು. ಆಸ್ಪತ್ರೆಯಿಂದ ಹೊರಬಿದ್ದವರು ಸೀದಾ ಲಕ್ಷ್ಮೀ ರಸ್ತೆಗೆ ಹೋಗಿ ಧಾಬಳಿ ಕೊಂಡೆವು.

ಒಂದು ರಾತ್ರಿಯಲ್ಲಿ ವಾಸಿಯಾಗಲಿಲ್ಲ. ಆದರೆ ವರದಿಗಳು ಬದಲಾದವು. ತಿಳಿಸಾರು ಹುಳಿಯಾಯಿತು, ಹುಳಿ ಪಲ್ಯವಾಯಿತು. ಒಂದು ಬೆಳಿಗ್ಗೆ ಅಂಗಳದ ನಡುವೆ ನಿಂತು, "ಏ ಗೋಖಲೆ ಮಾಸ್ತರ, ಇವತ್ತ ಮುದ್ದಿ!" ಎಂದು ಕನ್ನಡದಲ್ಲೇ ಸಾರಿದಳು. ಮಾಸ್ತರರಿಗೆ ಭಾಷೆ ಬಾರದಿದ್ದರೂ ವಿಷಯ ತಿಳಿದು ಚಪ್ಪಾಳೆ ತಟ್ಟಿದರು. ಅಂದಿನಿಂದ ಅವಳೂ ಸಾಲಿನಲ್ಲಿ ನಿಲ್ಲಬೇಕಾಯಿತು.

ಮುಂದಿನ ಪಿತೃಪಕ್ಷದಲ್ಲಿ ಕಟ್ಟಿಯವರೇ ಬಂದರು. ಪ್ರಾಯಶ್ಚಿತ್ತಕ್ಕೆಂದು ಬಂದವರಲ್ಲ. ಮನೆಯಲ್ಲಿ ಇನ್ನೊಂದು ಶ್ರಾದ್ಧ ಆಗಿತ್ತು, ಬೇರೆ ಅಡುಗೆಯವರು ಹುಳಿಗೆ ಸಕ್ಕರೆ ಹಾಕಿದ್ದರು, ಕಾಗೆ ಮಧ್ಯಾಹ್ನ ಇಳಿಯುವತನಕ ಪಿಂಡ ಮುಟ್ಟಿರಲಿಲ್ಲ. ಮೌಶಿ ಧಾಬಳಿ ಉಟ್ಟು ಹೋದಳು. ನಾನೂ ಚೀಲ ಹಿಡಿದು ಹೋದೆ. ಅವಳು ಒಲೆಯ ಮುಂದೆ ಕೂತವಳು ಕೊನೆಯ ವಡೆ ತೆಗೆಯುವವರೆಗೆ ಏಳಲಿಲ್ಲ. ಎದ್ದಾಗ ದೊಡ್ಡ ಸೊಸೆಗೆ, "ಈಗ ನೀವು ಆರಾಮ ಕೂಡ್ರಿ" ಎಂದಳು.

ಆ ಪಕ್ಷ ಮುಗಿದ ಮೇಲೆ ಅವಳು ನದಾಫನಿಗೆ ಹೋಳಿಗೆ ಮಾಡಿಕೊಂಡು ಹೋದಳು. ಹೊಸ ಸ್ಟೀಲ್ ಡಬ್ಬಿ, ತುಪ್ಪ ಸುರಿಯುವ ಹೋಳಿಗೆ. ಅವನು ಖಾಲಿ ಮಾಡಿ ಕೊಡುತ್ತೇನೆ ಎಂದಾಗ, "ಡಬ್ಬಿ ವಾಪಸ ಬ್ಯಾಡ. ಇರ್ಲಿ ನಿನಗ" ಎಂದಳು. ಅವನು ನಕ್ಕ. ಮಡಿಯ ಅಜ್ಜಿಯ ಬಾಜೂ ಬೆಳೆದವನಿಗೆ ಯಾಕೆ ಬೇಡ ಎಂದು ಹೇಳಿಕೊಡಬೇಕಾಗಿರಲಿಲ್ಲ. ನನಗೆ ನಾಚಿಕೆಯಾಯಿತು, ಅವನಿಗಾಗಲಿಲ್ಲ. ಆಮೇಲೆ ಪ್ರತಿ ಹಬ್ಬಕ್ಕೂ ಒಂದೊಂದು ಹೊಸ ಡಬ್ಬಿ. ಅವನ ಕೋಣೆಯ ಕಪಾಟಿನಲ್ಲಿ ಅವು ಸಾಲಾಗಿ ಕೂತವು. ಒಂದರಲ್ಲಿ ಹತ್ತಿ, ಒಂದರಲ್ಲಿ ಬ್ಯಾಂಡೇಜು, ಒಂದರಲ್ಲಿ ಅವನ ಚಹಾಪುಡಿ. ಯಾರೂ ಹೊತ್ತೊಯ್ಯದ ಹಾಗೆ ಪ್ರತಿಯೊಂದಕ್ಕೂ ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿ ತನ್ನ ಹೆಸರು ಬರೆದಿದ್ದ.

ಕೆಲವು ವರ್ಷಗಳ ಮೇಲೆ ವಾಡೆ ಬಿಲ್ಡರನ ಪಾಲಾಯಿತು. ಮೌಶಿ ಕಾಕಾ ಧನಕವಡಿಯ ಫ್ಲಾಟಿಗೆ ಹೋದರು. ಸಂಡಾಸು ಮನೆಯೊಳಗೇ ಬಂದದ್ದು ಅವಳಿಗೆ ಸಂತೋಷವಾಗಲಿಲ್ಲ. "ದೇವರ ಕೋಣಿ ಗ್ವಾಡಿಗೇ ಬೆನ್ನು ಹಚ್ಚಿ ಕೂತದ. ಅದೂ ಅಲ್ದs ಹೋಗಿಬಂದು ಯಾರ ಮುಂದ ಹೇಳಲಿ?" ಎಂದಳು.

ನಾನು ಅವಳನ್ನು ಕೊನೆಯ ಸಲ ಕಂಡದ್ದು ಒಂದು ದೀಪಾವಳಿಯ ಮುಂದೆ, ಅವಳ ಜೊತೆ ನದಾಫನ ಹತ್ತಿರ ಹೋದಾಗ. ಹೊಟ್ಟೆಗೇನೂ ಆಗಿರಲಿಲ್ಲ, ಹೋಳಿಗೆ ಕೊಡುವುದಷ್ಟೇ ಕೆಲಸ. ಡಬ್ಬಿ ಕೊಟ್ಟವಳು ಹೊರಡಲಿಲ್ಲ. ಕಪಾಟಿನ ಕಡೆ ನೋಡುತ್ತ, "ಆ ಹೋದ ಸಲದ್ದು ಕೊಡು" ಎಂದಳು.

"ಯಾವುದ್ರಿ ಮೌಶಿ?"

"ಡಬ್ಬೀ."

ನದಾಫ ಗಲಿಬಿಲಿಯಾದ. "ಅದರಾಗ ಹತ್ತಿ ಇಟ್ಟೀನ್ರಿ."

"ಹತ್ತಿ ಬ್ಯಾರೆ ಕಡೆ ಇಡು. ಸ್ಟೀಲ್ ಎಷ್ಟು ತುಟ್ಟಿ ಆಗ್ಯದ ಗೊತ್ತದೇನು? ಪ್ರತೀ ಸಲ ಹೊಸಾದ್ದು ಎಲ್ಲಿಂದ ತರ್ಲಿ?"

ಅವನು ಹತ್ತಿ ತೆಗೆದು ಡಬ್ಬಿ ಕೊಟ್ಟ. ಅವನ ಕಣ್ಣು ಕನ್ನಡಕದ ಹಿಂದೆ ಏನಾದವೋ ನಾನು ನೋಡಲಿಲ್ಲ, ನನ್ನವೇ ಸರಿಯಿರಲಿಲ್ಲ. ರಿಕ್ಷಾದಲ್ಲಿ ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಮೌಶಿ, ಇದನ್ನ ಎಲ್ಲಿಡ್ತಿ?" ಎಂದು ಕೆಣಕಿದೆ.

"ಎಲ್ಲಿ ಅಂದ್ರ? ಮನ್ಯಾಗ. ಸುಮ್ನ ಕೂಡು."

ಆ ಚಳಿಗಾಲದಲ್ಲಿ ಅವಳು ನಿದ್ದೆಯಲ್ಲೇ ಹೋದಳು. ಹೃದಯವಂತೆ. ಹೊಟ್ಟೆ ಕೊನೆಯವರೆಗೂ ಗಟ್ಟಿಯಾಗಿತ್ತು, ಅದನ್ನು ಹೇಳಿಕೊಳ್ಳಲು ಅವಳಿರಲಿಲ್ಲ ಎಂಬುದೇ ನನ್ನ ದುಃಖ. ದಿನಕರ್ಮಗಳೆಲ್ಲ ಮುಗಿದ ಮೇಲೆ ಕಾಕಾನನ್ನು ನೋಡಲು ಹೋದೆ. ಅವರು ಕುರ್ಚಿಯಲ್ಲಿ ಕೂತಿದ್ದರು, ಬೈಯುವವರಿಲ್ಲದ ಮನೆ ಭಣಗುಟ್ಟುತ್ತಿತ್ತು. ಚಹಾ ಮಾಡಿಕೊಡೋಣವೆಂದು ಅಡುಗೆಮನೆಗೆ ಹೋದೆ. ದೇವರ ನೈವೇದ್ಯದ ಸಾಮಾನಿಗೆಂದೇ ಅವಳು ಇಟ್ಟಿದ್ದ ಮಡಿಯ ಕಪಾಟು ತೆರೆದಿತ್ತು. ನಾವು ಯಾರೂ ಅದರ ಹತ್ತಿರ ಸುಳಿಯುವಂತಿರಲಿಲ್ಲ. ಮೇಲಿನ ಸಾಲಿನಲ್ಲಿ, ದೇವರ ತುಪ್ಪದ ಗಿಂಡಿಯ ಪಕ್ಕ, ಹೂರಣದ ಬೇಳೆ ತುಂಬಿದ ಸ್ಟೀಲ್ ಡಬ್ಬಿ ಕೂತಿತ್ತು. ಅದರ ಮೇಲೆ ಬಿಳಿ ಪ್ಲಾಸ್ಟರ್ ಪಟ್ಟಿ, ಪಟ್ಟಿಯ ಮೇಲೆ ನದಾಫ ಎಂದು ಹೆಸರು. ಅವಳು ಅದನ್ನು ಕಿತ್ತೂ ಹಾಕಿರಲಿಲ್ಲ.

ನಾನು ಕೈಚಾಚಿದೆ. ಹಿಂದಿನಿಂದ ಕಾಕಾ ಗಾಬರಿಯಿಂದ ಕೂಗಿದರು.

"ಮುಟ್ಟಬ್ಯಾಡವಾ. ಅದು ಮಡಿ ಅದ."